ಒಂದು ಮನೆ, ಎರಡು ಮತ

ಜಗಳವಾಡಿದ ಮೇಲೆ ಅದೇ ಮೇಜಿನಲ್ಲಿ ಕೂತು ನಗುನಗುತ್ತಾ ಕಾಫಿ ಕುಡಿಯುವವರನ್ನು ನಾನು ಮೊದಲು ನೋಡಿದ್ದು ಅಲ್ ಖುವೈರ್‌ನ ನಮ್ಮ ಆಫೀಸಿನಲ್ಲಿ. ಸ್ವಿಸ್ ಇಂಜಿನಿಯರುಗಳ ಸಣ್ಣ ಕಂಪನಿ ಅದು. ಅವರ ವೀಸಾ, ಟಿಕೆಟ್ಟು, ಮನೆಬಾಡಿಗೆಯ ಕರಾರು ಎಲ್ಲವೂ ಉಡುಪಿ ಕಡೆಯವಳಾದ ನನ್ನ ತಲೆಯ ಮೇಲೆ. ಇಲ್ಲಿ ಗಲ್ಫಿನಲ್ಲಿ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೆ ಬರುವುದಿಲ್ಲ, ಅಂಚೆಪೆಟ್ಟಿಗೆಗೆ ನಾವೇ ಹೋಗಬೇಕು. ಹಾಗಾಗಿ ಅವರ ದೇಶದಿಂದ ಬರುವ ಮತಪತ್ರದ ದಪ್ಪ ಲಕೋಟೆಗಳನ್ನು ತರುವವಳೂ ನಾನೇ. ವರ್ಷದಲ್ಲಿ ಹಲವು ಸಲ ಬರುತ್ತವೆ, ಎಷ್ಟೋ ಸಲ ಮತದಾನ ಮುಗಿದ ಮೇಲೆ ಬರುತ್ತವೆ. ಆಗ ಅವರ ಮುಖ ನೋಡಬೇಕು, ಮದುವೆ ಊಟ ತಪ್ಪಿಹೋದವರ ಹಾಗೆ.

ಬೆಳಗಿನ ಕಾಫಿಗೆ ಮೂವರು ಸೇರುತ್ತಾರೆ. ಜರ್ಮನ್ ಮಾತಾಡುವ ಮ್ಯಾನೇಜರ್, ಜಿನೀವಾ ಕಡೆಯ ಫ್ರೆಂಚ್ ಮಾತಾಡುವ ತರುಣ, ಬೆಟ್ಟದ ಮೇಲಿನ ಒಂದು ಸಣ್ಣ ಪ್ರಾಂತ್ಯದಿಂದ ಬಂದ ಹಿರಿಯ ಇಂಜಿನಿಯರ್ ಹೆಂಗಸು. ಒಂದೇ ದೇಶದವರು, ಆದರೆ ಒಬ್ಬರ ಭಾಷೆ ಇನ್ನೊಬ್ಬರಿಗೆ ಸಲೀಸಲ್ಲ, ಅದಕ್ಕೆ ಜಗಳವೆಲ್ಲ ಇಂಗ್ಲಿಷಿನಲ್ಲಿ. ನನ್ನ ಪುಣ್ಯ, ಎಲ್ಲವೂ ಅರ್ಥವಾಗುತ್ತಿತ್ತು. ಹಸುವಿನ ಕೊಂಬು ಕತ್ತರಿಸಬಹುದೇ, ರಾತ್ರಿ ಹಸುವಿನ ಕೊರಳಗಂಟೆ ಬಿಚ್ಚಿಡಬೇಕೇ, ಭಾನುವಾರ ಬಿಲ್ಡಿಂಗಿನ ವಾಷಿಂಗ್ ಮೆಷಿನ್ ಓಡಿಸಬಹುದೇ, ಪಿಂಚಣಿಯ ವಯಸ್ಸು ಏರಿಸಬೇಕೇ ಎಂದು ಮೇಜು ಕುಟ್ಟುತ್ತಿದ್ದರು. ಕೊಂಬಿನ ವಿಷಯಕ್ಕೆ ದೇಶವೇ ಮತ ಹಾಕಿತ್ತೆಂದು ತಿಳಿದಾಗ ನಾನು ಪ್ಯಾಂಟ್ರಿಗೆ ಹೋಗಿ ಹೊಟ್ಟೆ ಹಿಡಿದು ನಕ್ಕು ಬಂದೆ.

ನಗು ನಿಂತದ್ದು ಅವರು ಪರದೇಶದವರ ವಿಷಯ ತೆಗೆದ ದಿನ. ಎಷ್ಟೋ ವರ್ಷ ತಮ್ಮೂರಲ್ಲಿ ದುಡಿದ ಹೊರಗಿನವರಿಗೆ ಊರಿನ ಸಭೆಯಲ್ಲಿ ಮತ ಕೊಡಬೇಕೇ ಬೇಡವೇ ಎಂಬ ವಾದ.

"ಮೊದಲು ಪೌರತ್ವ ತಗೊಳ್ಳಲಿ, ಆಮೇಲೆ ಮತ ಕೇಳಲಿ" ಎಂದರು ಮ್ಯಾನೇಜರ್.

"ತೆರಿಗೆ ತಗೊಳ್ಳುವಾಗ ಪೌರತ್ವ ಕೇಳ್ತೀರಾ?" ಎಂದ ತರುಣ.

ಆಮೇಲೆ ಇಬ್ಬರೂ ನನ್ನತ್ತ ತಿರುಗಿದರು. ನಾನು ಬಿಡಲಿಲ್ಲ. "ಈ ದೇಶದಲ್ಲಿ ನನಗೆ ಮತ ಇಲ್ಲ, ಕೇಳಿಕೊಂಡು ಬಂದವಳೂ ಅಲ್ಲ. ನನ್ನ ದೇಶದಲ್ಲಿ ಉಂಟು, ಹಾಕ್ಲಿಕ್ಕೆ ವಿಮಾನ ಹತ್ತಬೇಕು. ಆದ್ರೆ ನಮ್ಮಲ್ಲಿ ಮೊದಲ ಚುನಾವಣೆಯಿಂದಲೇ ಹೆಂಗಸರು ಮತ ಹಾಕಿದ್ದಾರೆ. ನಿಮ್ಮಲ್ಲಿ?"

ಬೇಕೆಂದೇ ಚುಚ್ಚಿದ್ದೆ. ಗಂಡಸರಿಬ್ಬರೂ ಕಪ್ಪಿನೊಳಗೆ ಇಣುಕಿದರು. ಉತ್ತರ ಕೊಟ್ಟದ್ದು ಆ ಹಿರಿಯ ಹೆಂಗಸು. ತಾನು ಕಾಲೇಜು ಮುಗಿಸುವವರೆಗೂ ತನ್ನ ಪ್ರಾಂತ್ಯದ ಸಭೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ ಎಂದಳು. ಊರ ಚೌಕದಲ್ಲಿ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬಂದು ಕೈ ಎತ್ತುವುದು, ಹೆಂಗಸರು ಹೊರಗೆ ನಿಂತು ನೋಡುವುದು. ಹೆಂಗಸರಿಗೆ ಮತ ಬೇಕೇ ಎಂದು ಕೇಳಿದಾಗಲೆಲ್ಲ ಅದೇ ಗಂಡಸರು ಬೇಡವೆಂದರು. ಕೊನೆಗೆ ಕೋರ್ಟು ಹೇಳಬೇಕಾಯಿತು.

"ಅಮ್ಮ ಹೇಳ್ತಿದ್ದಳು, ಹೇಗೂ ನಿನ್ನಪ್ಪ ನಮ್ಮೆಲ್ಲರ ಪರವಾಗಿ ಹಾಕ್ತಾರಲ್ಲ ಅಂತ" ಎಂದು ಅವಳು ನನ್ನನ್ನೇ ನೋಡಿದಳು. "ನೀವು ಹೇಳ್ತಿರುವ ಆ ಕನ್ನಡ ಸಂಘದಲ್ಲಿ ಹೇಗೆ?"

ನಮ್ಮ ಸಂಘದಲ್ಲಿ ಒಂದು ಕುಟುಂಬಕ್ಕೆ ಒಂದು ಮತ. ಸದಸ್ಯತ್ವ ಗಂಡನ ಹೆಸರಿನಲ್ಲಿ. ಗೋಳಿಬಜೆ ಕರಿಯಲು, ರಾಜ್ಯೋತ್ಸವಕ್ಕೆ ಮಕ್ಕಳಿಗೆ ನೃತ್ಯ ಕಲಿಸಲು ನಾವು. ಕೈ ಎತ್ತಲು ಅವರು. ಅದನ್ನು ಹೇಳದೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಪ್ಯಾಂಟ್ರಿಗೆ ನಡೆದೆ. ಸಿಟ್ಟು ಬಂದಿತ್ತು, ಅವಳ ಮೇಲಲ್ಲ.

ನಮ್ಮ ಸಂಘದ ಹೆಮ್ಮೆಯೇ ಸರ್ವಾನುಮತ. ಯಾರೂ ಎದುರು ಮಾತಾಡುವುದಿಲ್ಲ. ಹಾಲ್‌ನಲ್ಲಿ ಹ್ಞೂಂ ಅನ್ನುವುದು, ಕಾರಿನಲ್ಲಿ ಕೂತ ಮೇಲೆ ಅಧ್ಯಕ್ಷರ ಏಳು ತಲೆಮಾರನ್ನು ಜಾಲಾಡುವುದು. ಎರಡು ಮನೆಯವರು ಒಂದು ಕುರ್ಚಿಯ ಮಾತಿಗೆ ಮುನಿದು ವರ್ಷಗಟ್ಟಲೆ ಮಾತು ಬಿಟ್ಟದ್ದೂ ಇದೆ, ಸಭೆಯಲ್ಲಿ ಮಾತ್ರ ಇಬ್ಬರೂ ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ನಾವು ಒಗ್ಗಟ್ಟು ಎಂದು ಹೆಸರಿಟ್ಟುಕೊಂಡಿದ್ದೇವೆ.

ಆ ವರ್ಷದ ಮಹಾಸಭೆಗೆ ಬಂದದ್ದು ನನ್ನ ತರಗತಿಯ ವಿಷಯ. ಅಲ್ ಮಬೇಲಾದಲ್ಲಿ ಸಂಘ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಅಲ್ಲಿ ಅಜ್ಜಿಗೆ ಫೋನಿನಲ್ಲಿ ಹೇಳಲು ನಾಲ್ಕು ಮಾತು ಕಟ್ಟುತ್ತಿದ್ದವು. ಸಮಿತಿಗೆ ಈಗ ಆ ಕೋಣೆ ಟೇಬಲ್ ಟೆನಿಸ್‌ಗೆ ಬೇಕಿತ್ತು. ತರಗತಿಗೆ ಬೇರೆ ಜಾಗದ ಮಾತೇ ಇರಲಿಲ್ಲ, "ಆನ್‌ಲೈನ್ ಮಾಡುವ" ಎಂದು ತೇಲಿಸಿದ್ದರು.

ಹಿಂದಿನ ದಿನ ಗಂಡನನ್ನು ಕೇಳಿದೆ, "ನೀವು ಎಂತ ಮಾಡ್ತೀರಿ?"

"ಅಧ್ಯಕ್ಷರು ನಮ್ಮವರೇ ಅಲ್ವಾ ಮಾರಾಯ್ತಿ. ಸುಮ್ಮನೆ ನಿಷ್ಠುರ ಎಂತಕ್ಕೆ? ಮತ್ತೆ ಆಟವೂ ಬೇಕಲ್ಲ ಜನಕ್ಕೆ."

"ಹಾಗಾದ್ರೆ ನಾನು ಬೇರೆ ಕೈ ಎತ್ತುತ್ತೇನೆ."

"ಎತ್ತು, ಎತ್ತು" ಎಂದು ಅವರು ನಕ್ಕರು. ತಮಾಷೆ ಎಂದುಕೊಂಡಿದ್ದರು.

ಸಭೆಯಲ್ಲಿ ಪರವಾಗಿರುವವರು ಎಂದಾಗ ಕೈಗಳು ಎದ್ದವು, ನನ್ನ ಗಂಡನದ್ದೂ ಎದ್ದಿತು. ವಿರೋಧ ಯಾರೂ ಇಲ್ಲ ಅಲ್ವಾ ಎಂದು ಅಧ್ಯಕ್ಷರು ಕೇಳುವುದರೊಳಗೆ ನಾನು ಊಟದ ಮೇಜಿನ ಪಕ್ಕದಿಂದ ಮುಂದೆ ಬಂದು ಕೈ ಎತ್ತಿ ನಿಂತೆ.

"ಬೈಲಾದಲ್ಲಿ ಕುಟುಂಬಕ್ಕೆ ಒಂದೇ ಮತ ಉಂಟಲ್ಲ, ಅಕ್ಕ. ಮನೆಯಲ್ಲಿ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ" ಎಂದರು ಅಧ್ಯಕ್ಷರು, ಮಗುವಿಗೆ ಹೇಳುವ ಹಾಗೆ.

"ಬಂದಾಗಿದೆ. ಅವರದ್ದು ಹೌದು, ನನ್ನದು ಅಲ್ಲ. ಅದೇ ನಮ್ಮ ಮನೆಯ ತೀರ್ಮಾನ."

ಗಂಡ ತಲೆ ತಗ್ಗಿಸಿ ಮೊಬೈಲ್ ತಿಕ್ಕುತ್ತಿದ್ದರು.

"ಹಾಗಾದ್ರೆ ನಿಮ್ಮ ಮನೆಯ ಮತವೇ ಕ್ಯಾನ್ಸಲ್ ಮಾಡುವುದಾ?" ಎಂದರು ಅಧ್ಯಕ್ಷರು.

"ಯಾಕೆ ಕ್ಯಾನ್ಸಲ್? ಅವರದ್ದನ್ನೂ ಎಣಿಸಿ, ನನ್ನದನ್ನೂ ಎಣಿಸಿ. ಪಾಠ ಮಾಡುವವಳು ನಾನು, ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳಿದ್ರಿ."

ಹಿಂದಿನ ಸಾಲಿನಲ್ಲಿ ಬಳೆಯ ಸದ್ದಾಯಿತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಂಗಳೂರಿನ ಹೆಂಗಸೊಬ್ಬರು ಕೈ ಎತ್ತಿದ್ದರು. ಅವರ ಪಕ್ಕದವಳು, ಅವಳ ಆಚೆಯವಳು. ಅಧ್ಯಕ್ಷರು ಬೆವರು ಒರೆಸಿಕೊಂಡು, ಇದನ್ನೆಲ್ಲ ನೋಟ್ ಮಾಡಿಕೊಳ್ಳುತ್ತೇವೆ, ಎಣಿಸಲು ನಿಯಮವಿಲ್ಲ ಎಂದರು. ಠರಾವು ಪಾಸಾಯಿತು. ಕೋಣೆ ಹೋಯಿತು.

ನಾನು ಕೂರಲಿಲ್ಲ. ಇನ್ನು ಮುಂದೆ ಒಬ್ಬೊಬ್ಬ ವಯಸ್ಕರಿಗೂ ಒಂದು ಮತ ಎಂಬ ತಿದ್ದುಪಡಿಯನ್ನು ಮುಂದಿನ ಸಭೆಗೆ ಇಡುತ್ತೇನೆ ಎಂದೆ. ಅದಕ್ಕೆ ಕೈ ಎತ್ತಬೇಕಾದವರೂ ಗಂಡಸರೇ ಎಂದು ನನಗೆ ಗೊತ್ತಿತ್ತು. ಬೀಳಿಸಲಿ, ಮತ್ತೆ ಇಡುತ್ತೇನೆ. ಹೆಂಗಸರ ಕಡೆ ತಿರುಗಿ, ಬರುವ ಶುಕ್ರವಾರದಿಂದ ತರಗತಿ ನಮ್ಮ ಮನೆಯ ಹಾಲ್‌ನಲ್ಲಿ, ಮಕ್ಕಳನ್ನು ಕಳಿಸಿ ಎಂದೆ. ಅದಕ್ಕೆ ಯಾವ ಬೈಲಾದ ಅಪ್ಪಣೆಯೂ ಬೇಕಿರಲಿಲ್ಲ.

ಕಾರಿನಲ್ಲಿ ಮಬೇಲಾದ ನಮ್ಮ ಮನೆಯವರೆಗೂ ಜಗಳ. ನನ್ನ ಮರ್ಯಾದೆ ತೆಗೆದೆ ಎಂದರು ಅವರು. ನನ್ನ ಮರ್ಯಾದೆ ಎಲ್ಲಿಟ್ಟಿದ್ದೀರಿ ಎಂದೆ ನಾನು. ಮದುವೆಯಾದಂದಿನಿಂದ ಒಬ್ಬರಿಗೊಬ್ಬರು ಹೇಳದೆ ನುಂಗಿಕೊಂಡದ್ದೆಲ್ಲ ಆ ಹೆದ್ದಾರಿಯಲ್ಲಿ ಹೊರಗೆ ಬಿತ್ತು. ಮನೆಗೆ ಬಂದು ಇಬ್ಬರೂ ಒಂದೇ ಪಾತ್ರೆಯ ಗಂಜಿ ಬಡಿಸಿಕೊಂಡು ಉಂಡೆವು.

ಶುಕ್ರವಾರ ಬೆಳಿಗ್ಗೆ ಮಕ್ಕಳು ಬರುವ ಹೊತ್ತಾಯಿತು. ಹಾಲ್ ಖಾಲಿ ಮಾಡಬೇಕಿತ್ತು. ಗಂಡ ಟೀ ಕಪ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಈಗಲೂ ಹೇಳ್ತೇನೆ, ನಾನು ಕೈ ಎತ್ತಿದ್ದು ಸರಿಯೇ. ಮುಂದಿನ ಸಲವೂ ಎತ್ತಿದ್ರೆ ಎಂತ ಮಾಡ್ತಿ?"

"ನಾನೂ ಎತ್ತುತ್ತೇನೆ. ಈಗ ಕಪ್ ಇಟ್ಟು ಸೋಫಾದ ಆ ತುದಿ ಹಿಡೀರಿ."