ಆಂಪ್ಲಿಫೈಯರಿನ ಬೆನ್ನಿಗೆ ವಿಭೂತಿ

ಹಾಂ, ನಿನ್ನೆ ಬರೆದಿದ್ದೆನಲ್ಲ ಗೆಳೆಯರೇ, ನಾನೇ ಕೂತು ಮಾಡಿದ ಆಂಪ್ಲಿಫೈಯರು ಇವತ್ತೂ ಜೇನುಹುಳದಂತೆ ಗುಂಯ್ ಅನ್ನುತ್ತಲೇ ಇತ್ತು. ನಾಳೆ ಮಠದ ಭಜನೆಗೆ ಅದು ಸರಿಯಾಗದಿದ್ದರೆ ಹುನಗುಂದದಿಂದ ಬಾಡಿಗೆ ಸೆಟ್ ತರುತ್ತಾರೆ. ಆಮೇಲೆ ನಾನು ಇಳಕಲ್ಲಿನಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ಮೈಕಿನ ವಾಯರು ಬದಲಿಸಿದೆ, ಅರ್ಥಿಂಗ್ ತಂತಿ ಬಿಗಿದೆ. ಹೀಗೆ ಹುಡುಕುವುದಕ್ಕೆ ಕಾಲೇಜಿನಲ್ಲಿ ‘ಪೋಸ್ಟ್ ಮಾರ್ಟಮ್’ ಅನ್ನುತ್ತಿದ್ದರು. ಅಲ್ಲ, ಅದು ಸತ್ತವರಿಗೆ; ಸರಿಯಾದ ಪದ ಮರೆತಿದೆ. ನಾನೇ ಬೆಸುಗೆ ಹಾಕಿದ ಬೋರ್ಡಿನಲ್ಲಿ ತಪ್ಪಿರಲಾರದೆಂದು ಅದೊಂದನ್ನು ಮುಟ್ಟಿರಲಿಲ್ಲ.

ಕೊನೆಗೆ ಅದನ್ನು ಮಗುಚಿ ನೋಡಿದರೆ ತಾಮ್ರದ ಗೆರೆಗಳ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ, ಇನ್ನೂ ಹಸಿ. ನನ್ನವಳು ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳುತ್ತಿರುವ ನನ್ನ ಅಕ್ಕನ ಕೆಲಸ.

“ಅಕ್ಕಾ, ಇದಕ್ಕ ಹಸಿ ತಾಗಿದ್ರ ಕರೆಂಟ್ ದಾರಿ ತಪ್ಪತೈತಿ.”

“ಹೊಸಾ ಸಾಮಾನಕ್ಕ ವಿಭೂತಿ ಹಚ್ಚದ ಮಠಕ್ಕ ಒಯ್ತಿ ಏನು? ಮ್ಯಾಲೆ ಬರೇ ಗೂಟದಂಥಾ ಸಾಮಾನು ನಿಂತಾವ, ಹಚ್ಚಾಕ ಜಾಗಾ ಇಲ್ಲ, ಅದಕ್ಕ ದಿನಾ ಪೂಜಿ ಆದಮ್ಯಾಲೆ ಹಿಂದ ಹಚ್ತೇನಿ.”

“ಒರಸ್ತೇನಿ.”

“ಹಚ್ಚಿದ ವಿಭೂತಿ ಒರಸಿ ಒಗೀತಿಯೇನೋ? ಒಗಿ, ನಾನೂ ನೋಡ್ತೇನಿ.”

ಸ್ಪಿರಿಟ್ಟಿನಲ್ಲಿ ಬ್ರಶ್ ಅದ್ದಿ ತಿಕ್ಕಿದೆ. ಬಂದದ್ದನ್ನು ಒಗೆಯದೆ ಅವಳೆದುರೇ ನನ್ನ ಹಣೆಗೆ ಬಳಿದುಕೊಂಡೆ. ಅಕ್ಕ ಸುಮ್ಮನಾದಳು. ಬೋರ್ಡು ಒಣಗಿಸಿ ಸ್ವಿಚ್ ಹಾಕಿದೆ, ಗುಂಯ್ ಕೂಡ ಸುಮ್ಮನಾಯಿತು. ಮಾತಾಡಿ ನೋಡು ಎಂದು ಮೈಕು ಅವಳ ಕೈಗೆ ಕೊಟ್ಟೆ.

“ವಿಭೂತಿ ಹಚ್ಚಿದ್ದಕ್ಕ ಚಾಲೂ ಆತು ನೋಡು,” ಎಂದಳು. ಇಡೀ ಓಣಿಗೆ ಸ್ವಚ್ಛವಾಗಿ ಕೇಳಿಸಿತು.

ಹಾಗಲ್ಲ ಎಂದು ಓಣಿಗೆ ತಿಳಿಸೋಣವೆಂದರೆ ಮೈಕು ಇನ್ನೂ ಅವಳ ಕೈಯಲ್ಲೇ ಇದೆ. ಇತ್ತ ಬೆಳಕೂ ಹೋಗುತ್ತಿದೆ, ಬರೆಯುತ್ತಿರುವ ಅಕ್ಷರ ಕಾಣುತ್ತಿಲ್ಲ.