ಚಾದರದ ಕಾಕಾ ಕಲಿತ ಜರ್ಮನ್

ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ನಮ್ಮ ಓಣಿಯ ಚಾದರದ ವ್ಯಾಪಾರಿಗೆ ಜರ್ಮನ್ ಕಲಿಯುವ ಹುಕಿ ಬಂತು. ಗಿರಣಿಗೆ ಹೊಸ ಯಂತ್ರ ಕೂಡಿಸಲು ಜರ್ಮನಿಯವರು ಬಂದಿದ್ದರು. ಅವರಿಗೆ ಚಾದರ ಮಾರಬೇಕೆಂಬುದು ಈ ವ್ಯಾಪಾರಿಯ ಆಸೆ. ನಮಗೆಲ್ಲ ಅವರು ಕಾಕಾ. ಪುಸ್ತಕ ತಂದರು, ಆದರೆ ಬಾಯಿಪಾಠ ಅವರಿಗೆ ಒಗ್ಗಲಿಲ್ಲ. “ಚೌಕಾಸಿ ಮಾಡಿದ್ರ ಭಾಷಾ ಬರ್ತೈತಿ” ಎಂದು ತೊಡೆ ತಟ್ಟುತ್ತಿದ್ದರು.

ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ತಮ್ಮ ಹೆಂಡತಿಯನ್ನು, ಅಂದರೆ ಮೈಂದರ್ಗಿ ತವರಿನ ನಮ್ಮ ಕಾಕುವನ್ನು, ಗಾದಿಯ ಮೇಲೆ ಕೂಡಿಸಿ, ತಾವು ಗಿರಾಕಿಯಾಗಿ ಎದುರು ನಿಲ್ಲುತ್ತಿದ್ದರು. ಇಬ್ಬರ ಮಾತನ್ನೂ ಪುಸ್ತಕದಿಂದ ಅವರೇ ಆರಿಸಿದ್ದರು. “ಬಹಳ ತುಟ್ಟಿ!” ಎಂದು ಜರ್ಮನ್‌ನಲ್ಲಿ ಮುಖ ಸಿಂಡರಿಸಿ ಅವರು ಚಾದರವನ್ನು ಆಚೆ ತಳ್ಳಿದರೆ, ಕಾಕು ಸೆರಗಿನಲ್ಲಿ ನಗು ಮುಚ್ಚಿಕೊಂಡು “ಇದಕ್ಕಿಂತ ಕಡಿಮೆ ಇಲ್ಲ” ಎಂದು ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದರು. ಎಷ್ಟೋ ತಿಂಗಳು ಇದೇ ನಡೆಯಿತು.

ಕೊನೆಗೊಂದು ದಿನ ನಿಜವಾದ ಜರ್ಮನ್ ಗಿರಾಕಿ ಬಂದ. ನಾನೂ ಅಲ್ಲೇ ಇದ್ದೆ. ಆತ ಬೆಲೆ ಕೇಳಿದ, ಕಾಕಾ ಹೇಳಿದರು. ಆತ ಉತ್ತರಕ್ಕೆ ಇನ್ನೂ ಬಾಯಿ ತೆರೆದಿರಲಿಲ್ಲ, ಗಿರಾಕಿಯ ಮಾತೇ ರೂಢಿಯಾಗಿದ್ದ ಕಾಕಾ “ಬಹಳ ತುಟ್ಟಿ!” ಎಂದು ಮುಖ ಸಿಂಡರಿಸಿ ತಮ್ಮದೇ ಚಾದರವನ್ನು ಆಚೆ ತಳ್ಳಿಬಿಟ್ಟರು.

ಗಿರಾಕಿ ಕಕ್ಕಾಬಿಕ್ಕಿಯಾದ. ಆಗ ಒಳಬಾಗಿಲ ಪರದೆ ಸರಿಯಿತು. ಕಾಕು ಬಂದು, ಚಾದರವನ್ನು ಮತ್ತೆ ಅವನ ಮುಂದೆ ಹರವಿ, ಜರ್ಮನ್‌ನಲ್ಲಿ “ಇದಕ್ಕಿಂತ ಕಡಿಮೆ ಇಲ್ಲ” ಎಂದರು. ಆತ ಜೋರಾಗಿ ನಕ್ಕು, ಚೌಕಾಸಿ ಮಾಡದೆ ಕೊಂಡು ಹೋದ.

“ಕಾಕಾ, ಜರ್ಮನ್ ಬಂತೇನ್ರಿ?” ಎಂದೆ.

ಕಾಕಾ ಈ ಸಲ ತೊಡೆ ತಟ್ಟಲಿಲ್ಲ. ಗಾದಿಯಲ್ಲಿ ತುಸು ಸರಿದು ಕಾಕುಗೆ ಜಾಗ ಮಾಡಿದರು.

“ಪೂರಾ ಬಂದೈತಿ ತಂಗಿ. ಕೊಳ್ಳೂದು ನನಗ, ಮಾರೂದು ಆಕಿಗೆ.”