ಹುರುಳಿ ಹಾಸಿದ ರಸ್ತೆ

ಪಂಚಾಯಿತಿ ಮೇಡಂ ನಮ್ಮ ಮನೆಗೆ ಬಂದಾಗ ನಾನು ಹೊಲದಿಂದ ತಂದ ಹುರುಳಿ ಗಿಡಗಳನ್ನು ಜಗಲಿಯ ಪಕ್ಕ ಒಟ್ಟುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಅದು ಮೊದಲ ಫಸಲು. ಮೇಡಂ ನಿಂತುಕೊಂಡೇ ಮಾತಾಡಿದರು. ಊರಾಚೆ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿದ್ದಾರೆ, ಇನ್ನು ಗುಂಡ್ಲುಪೇಟೆ ರಸ್ತೆಯ ಮೇಲೆ ಯಾರೂ ಫಸಲು ಹಾಸಬಾರದು, ಗ್ರಾಮಸಭೆಯಲ್ಲಿ ಜನರಿಗೆ ಇದನ್ನು ತಿಳಿಸಬೇಕು.

"ನಾವು ಆಟೋದಲ್ಲಿ ಮೈಕು ಕಟ್ಕೊಂಡು ಎಷ್ಟು ಕೂಗಿದ್ರೂ ಕೇಳಲ್ಲಮ್ಮ. ನೀವು ಎರಡು ಮಾತು ಹೇಳಿ. ನಿಮ್ಮ ಮನೆಯವ್ರು ಹೋಗಿದ್ದೇ ಅದ್ರಿಂದ. ನೀವು ಹೇಳಿದ್ರೆ ಕೇಳ್ತಾರೆ."

ಆಗಲಿ ಅಂದೆ. ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ನಾನು ಹೇಳಿರಲಿಲ್ಲ. ಯಜಮಾನರ ಬೈಕು ಜಾರಿದ್ದು ನಾನೇ ಹಾಸಿದ್ದ ಹುರುಳಿಯ ಮೇಲೆ.

ನಮ್ಮ ಕಡೆ ಹುರುಳಿ ಬಡಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಬೆಳಿಗ್ಗೆ ರಸ್ತೆಗೆ ಹಾಸಿದರೆ ಬಸ್ಸು ಲಾರಿಗಳೇ ತುಳಿದುಕೊಡುತ್ತವೆ. ಡ್ರೈವರುಗಳು ತಪ್ಪಿಸಿಕೊಂಡು ಹೋಗದ ಹಾಗೆ ಖಾಲಿ ಬದಿಗೆ ಕಲ್ಲು ಇಡುತ್ತೇವೆ. ನಾನೂ ಇಟ್ಟಿದ್ದೆ. ಅವತ್ತು ಗುಂಡ್ಲುಪೇಟೆಗೆ ಹೊರಡುವಾಗ ಅವರು, "ಹೊತ್ತು ಮುಳುಗೋದ್ರೊಳಗೆ ಎತ್ಬುಡಮ್ಮಿ, ಕತ್ಲಲ್ಲಿ ಕಾಣಕಿಲ್ಲ" ಅಂದಿದ್ದರು. ಸಂಜೆ ಒಂದು ಹಿಡಿ ಕಾಯಿ ಅಂಗೈಯಲ್ಲಿ ಉಜ್ಜಿ ನೋಡಿದೆ. ಅರ್ಧ ಇನ್ನೂ ಒಡೆದಿರಲಿಲ್ಲ. ಚಾಮರಾಜನಗರದ ಬಸ್ಸೊಂದು ಹೋಗಲಿ, ಆಮೇಲೆ ಎತ್ತಿದರಾಯಿತು ಅಂದುಕೊಂಡು ಮನೆಗೆ ಬಂದು ಒಲೆ ಹಚ್ಚಿದೆ. ಅವತ್ತು ಬಸ್ಸು ತಡವಾಗಿ ಕತ್ತಲಾಯಿತು. ಬಸ್ಸಿಗಿಂತ ಮುಂಚೆ ಅವರು ಬಂದರು.

ಸದ್ದು ಕೇಳಿ ಓಡಿಹೋಗುವಷ್ಟರಲ್ಲಿ ಜನ ಸೇರಿದ್ದರು. ಅಲ್ಲಿ ನಮ್ಮದೂ ಸೇರಿ ಮೂರು ಮನೆಯ ಹುರುಳಿ ಸಾಲಾಗಿ ಬಿದ್ದಿತ್ತು. ಯಾರೋ ಎಲ್ಲವನ್ನೂ ಒಟ್ಟಿಗೆ ಬಾಚಿ ಚರಂಡಿಗೆ ತಳ್ಳಿದರು. ಪೊಲೀಸಿನವರು ಯಾರದು ಅಂತ ಕೇಳಿದಾಗ ಎಲ್ಲರೂ "ಗೊತ್ತಿಲ್ಲ ಸಾರ್" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ, ನಮ್ಮದನ್ನು ನಾನು ಸಂಜೆಯೇ ಎತ್ತಿದ್ದೆ ಅಂದುಕೊಂಡು, ಉಳಿದೆರಡು ಮನೆಯವರಿಗೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿದ್ದರು. ಅವರಲ್ಲೊಬ್ಬಳಾದ ಪಕ್ಕದ ಮನೆಯವಳು ತಲೆ ತಗ್ಗಿಸಿಕೊಂಡು ನಲ್ಲಿಗೆ ಹೋಗುತ್ತಿದ್ದಳು. ನಾನು ಒಳಗೆ ಅಕ್ಕಿ ತೊಳೆಯುತ್ತಿದ್ದೆ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಹಿಂದಿನಿಂದ ಒಬ್ಬರು ಕೂಗಿದರು, "ಮೇಡಮ್ಮೋರೇ, ಕಣವೇನೋ ಕೊಟ್ರಿ, ತುಳಿಯಕ್ಕೆ ಲಾರಿ ಯಾರ್ ಕೊಟ್ಟಾರು?"

"ನೀನೇ ಕುಣಿಲಾ, ಹೊಟ್ಟೆನಾದ್ರೂ ಕರಗ್ಲಿ!" ಅಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಮೇಡಂ ನನ್ನನ್ನು ಕರೆದರು.

ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಮುಂದೆ ಕೂತಿದ್ದ ಪಕ್ಕದ ಮನೆಯವಳು ಕಂಡಳು. "ರಸ್ತೆಲಿ ಹಾಸ್ಬೇಡಿ," ಅಂದೆ. "ನಮ್ಮನೆಯವ್ರು ಜಾರಿದ್ದು ನನ್ ಹುರುಳಿ ಮೇಲೆ. ಎತ್ತು ಅಂದಿದ್ರು. ನಾನು ಎತ್ನಿಲ್ಲ."

ಮೇಡಂ ಕೈಯಲ್ಲಿದ್ದ ಕಾಗದ ನೋಡುತ್ತ ನಿಂತರು. ನಾನು ವೇದಿಕೆ ಇಳಿದು ಮನೆಯ ದಾರಿ ಹಿಡಿದೆ. ಪಕ್ಕದ ಮನೆಯವಳು ಹಿಂದೆಯೇ ಬಂದಳು.

"ನಂಗೆ ಅವತ್ತೇ ಗೊತ್ತಿತ್ತು ಕಣಕ್ಕ. ನಂದು ಆ ತುದೀಲಿತ್ತಲ್ಲ."

"ಮತ್ಯಾಕೆ ಹೇಳ್ನಿಲ್ಲ? ಅಷ್ಟು ಬೈಸ್ಕೊಂಡ್ಯಲ್ಲ ನೀನು."

"ನಿನ್ ಮಕ ನೋಡ್ಬುಟ್ಟು ಎಂಗ್ ಹೇಳಾದು?"

ಸುದ್ದಿ ನನಗಿಂತ ಮುಂಚೆ ಅತ್ತೆಗೆ ಮುಟ್ಟಿತ್ತು. ಮರುದಿನದಿಂದ ಶಾಪ ನಿಂತಿತು. ನನ್ನ ಜೊತೆ ಮಾತೂ ನಿಂತಿತು. ಬಡಿಸಿದರೆ ಉಣ್ಣುತ್ತಾರೆ, ಗೋಡೆಯ ಕಡೆ ತಿರುಗಿ ಕೂತು.

ಹುರುಳಿಯನ್ನು ಕಣಕ್ಕೆ ನಾನೊಬ್ಬಳೇ ಹೊತ್ತೆ. ರಸ್ತೆಯ ಬದಿಯಲ್ಲಿ ನಾನಿಟ್ಟಿದ್ದ ಕಲ್ಲುಗಳು ಹಾಗೇ ಬಿದ್ದಿದ್ದವು. ನಾಲ್ಕನ್ನು ತಂದು ಟಾರ್ಪಾಲಿನ ಮೂಲೆಗಳಿಗೆ ಇಟ್ಟೆ. ಎರಡು ದಿನ ಕೋಲಿನಿಂದ ಬಡಿದೆ, ಅಂಗೈಗೆ ಬೊಬ್ಬೆ ಬಂತು. ತೂರುವಾಗ ಮೊರದಿಂದ ನಾನು ಸುರಿದರೆ ರಾಶಿಯ ಮೇಲೆ ಬೀಳುವ ಹೊಟ್ಟನ್ನು ಪೊರಕೆಯಲ್ಲಿ ಸರಿಸುತ್ತಿದ್ದವರು ಯಜಮಾನರು. ಈಗ ನಾಲ್ಕು ಮೊರ ಸುರಿದು, ಮೊರ ಕೆಳಗಿಟ್ಟು, ಪೊರಕೆ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಗಾಳಿ ನಿಂತುಬಿಡುತ್ತಿತ್ತು. ಮತ್ತೆ ಬರುವ ತನಕ ಸುಮ್ಮನೆ ನಿಂತಿರುತ್ತಿದ್ದೆ.

ಚಾಮರಾಜನಗರದ ಬಸ್ಸು ಹೋಗುವ ಸದ್ದು ಅಲ್ಲಿಗೂ ಕೇಳುತ್ತದೆ. ತೂರಿ ಮುಗಿಸಿದ ದಿನ ಅದು ಬರುವಷ್ಟರಲ್ಲಿ ಕಾಳನ್ನೆಲ್ಲ ಚೀಲಕ್ಕೆ ತುಂಬಿ, ಕಣವನ್ನು ಗುಡಿಸಿ ಮುಗಿಸಿದ್ದೆ. ಹೊತ್ತು ಇನ್ನೂ ಮುಳುಗಿರಲಿಲ್ಲ.